ಒಸಟ್ಟಿಗೆ ಹಕಾರ ಬಂದದ್ದು

ಊರಿನ ಹೆಸರು ಹೊಸಹಟ್ಟಿ. ಹಾಗೆಂದು ಸರ್ಕಾರದ ಬೋರ್ಡಿನಲ್ಲಿ ಬರೆದಿದೆ, ಶಾಲೆಯ ಗೋಡೆಯ ಮೇಲೆ ಬರೆದಿದೆ, ಪಹಣಿಯಲ್ಲೂ ಬರೆದಿದೆ. ಊರಿನವರ ಬಾಯಲ್ಲಿ ಮಾತ್ರ ಅದು ಒಸಟ್ಟಿ. ಎರಡು ಹಕಾರ ಇಟ್ಟುಕೊಂಡು ಹುಟ್ಟಿದ ಹೆಸರಿನಿಂದ ಎರಡನ್ನೂ ಕಿತ್ತು ಪಕ್ಕಕ್ಕಿಟ್ಟು ಅವರು ತಲೆತಲಾಂತರದಿಂದ ಸುಖವಾಗಿಯೇ ಇದ್ದರು. ಹಸು ಅವರಿಗೆ ಅಸ, ಹಾಲು ಆಲು, ಹುಲಿ ಉಲಿ. ಹುಣಸೂರಿಗೆ ಹೋಗಬೇಕಾದಾಗ ಉಣ್ಸೂರಿಗೆ ಹೋಗಿ ಬರುತ್ತಿದ್ದರು. ಅದರಿಂದ ಬಸ್ಸೇನೂ ದಾರಿ ತಪ್ಪುತ್ತಿರಲಿಲ್ಲ.

ಕಟ್ಟೆಮಳಲವಾಡಿಯ ಆಚೆಗಿರುವ ಈ ಪುಟ್ಟ ಊರಿನ ಶಾಲೆಗೆ ಸಾವಿರದ ಒಂಬೈನೂರ ತೊಂಬತ್ತೇಳರ ಜೂನ್ ತಿಂಗಳಲ್ಲಿ ಸುನಂದಮ್ಮ ವರ್ಗವಾಗಿ ಬಂದರು. ಆಗ ಅವರಿಗೆ ಮೂವತ್ತನಾಲ್ಕು ವರ್ಷ. ಹುಣಸೂರಿನಲ್ಲಿ ಬಾಡಿಗೆ ಮನೆ, ಗಂಡ ಅಲ್ಲೇ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಳಿದು ಒಂದೂವರೆ ಮೈಲಿ ನಡೆಯಬೇಕು. ಕುಳ್ಳಗಿನ ಹೆಂಗಸು, ಆದರೆ ನಡಿಗೆ ಎಷ್ಟು ಬಿರುಸೆಂದರೆ ಜೊತೆಯಲ್ಲಿ ಬಸ್ಸಿಳಿದ ಗಂಡಸರು ಅರ್ಧ ದಾರಿಯಲ್ಲೇ ಸೋತು ಬೀಡಿ ಹಚ್ಚುವ ನೆಪದಲ್ಲಿ ನಿಂತುಬಿಡುತ್ತಿದ್ದರು. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನಗುವೂ ಅಲ್ಲೇ ಪಕ್ಕದಲ್ಲಿ ಇರುತ್ತಿದ್ದುದರಿಂದ ಮಕ್ಕಳು ಅಷ್ಟಾಗಿ ಹೆದರುತ್ತಿರಲಿಲ್ಲ.

ಈ ಸುನಂದಮ್ಮನವರಿಗೆ ಎರಡು ನಾಲಿಗೆ ಇದ್ದವು. ಸುಳ್ಳು ಹೇಳುವವರು ಎಂಬ ಅರ್ಥದಲ್ಲಿ ಅಲ್ಲ. ಅವರು ಹುಟ್ಟಿದ್ದು ಕೆ.ಆರ್. ನಗರದ ಕಡೆ ನಾಲೆಯ ಪಕ್ಕದ ಒಂದು ಹಳ್ಳಿಯಲ್ಲಿ, ಗದ್ದೆ ಮಾಡುವವರ ಮನೆಯಲ್ಲಿ. ಅಲ್ಲೂ ಹಾಲು ಆಲೇ. ಟೀಚರ್ ಟ್ರೈನಿಂಗಿಗೆಂದು ಮೈಸೂರಿಗೆ ಹೋದಾಗ, ಹಾಸ್ಟೆಲಿನ ಮೊದಲ ಬೆಳಗ್ಗೆ, "ಇರ್ರೇ, ಅಲ್ಲುಜ್ಕೊಂಡು ಬತ್ತೀನಿ" ಎಂದರು. ಕೋಣೆಯ ಒಬ್ಬ ಜಾಣೆ, "ಅಲ್ಲುಜ್ತೀಯೋ ಇಲ್ಲುಜ್ತೀಯೋ?" ಎಂದಳು. ಇಡೀ ಹಾಸ್ಟೆಲು ವಾರಗಟ್ಟಲೆ ಅದನ್ನೇ ಹೇಳಿಕೊಂಡು ನಕ್ಕಿತು. ಸುನಂದಮ್ಮ ಒಂದು ತಿಂಗಳು ಬಾಯಿ ಬಿಡಲಿಲ್ಲ. ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ನಲ್ಲಿ ತಿರುಗಿಸಿ ಆ ಸದ್ದಿನ ಮರೆಯಲ್ಲಿ ಹಲ್ಲು, ಹಾಲು, ಹಳ್ಳಿ, ಹೊಳೆ ಎಂದು ಕಲಿತರು. ಅಲ್ಲಿಂದ ಹದಿನಾಲ್ಕು ವರ್ಷ ನಾಲ್ಕು ಜನರ ಮುಂದೆ ಅವರ ಬಾಯಿಂದ ಒಂದು ಹಕಾರವೂ ಜಾರಲಿಲ್ಲ. ತವರಿಗೆ ಹೋದಾಗ ಮಾತ್ರ ಹೊಸಿಲು ದಾಟಿದ ಕೂಡಲೇ ಅದನ್ನು ಬಿಚ್ಚಿಟ್ಟು ಉಸ್ಸಪ್ಪಾ ಎನ್ನುತ್ತಿದ್ದರು.

ಶಾಲೆಗೆ ಎರಡು ಕೋಣೆ, ನಾಲ್ಕು ಕ್ಲಾಸು, ಇಬ್ಬರು ಮೇಷ್ಟರು. ಒಂದು ಎರಡು ಸುನಂದಮ್ಮನವರಿಗೆ. ಮೂರು ನಾಲ್ಕು ಹೆಡ್‌ಮಾಸ್ಟರ್ ಮಹದೇವಪ್ಪನವರಿಗೆ. ಮಹದೇವಪ್ಪ ಮೈಸೂರು ಪೇಟೆಯ ಮನುಷ್ಯ, ಎರಡು ವರ್ಷದ ಹಿಂದೆ ಇಲ್ಲಿಗೆ ಬಂದು, ಸುನಂದಮ್ಮ ಬರುವವರೆಗೆ ನಾಲ್ಕೂ ಕ್ಲಾಸನ್ನು ಒಬ್ಬರೇ ನೋಡಿಕೊಂಡಿದ್ದವರು. ಒಳ್ಳೆಯವರೇ. ಗಂಟೆಗೆ ಮುಂಚೆ ಬರುವವರು, ತಾವೇ ನೀರು ಹೊತ್ತು ಶಾಲೆಯ ಸುತ್ತ ಬೇವಿನ ಗಿಡ ಬೆಳೆಸಿದವರು. ಅವರಿಗೆ ಇದ್ದದ್ದು ಒಂದೇ ಹಟ, ಶುದ್ಧ ಉಚ್ಚಾರಣೆ. ಪಾಠವನ್ನು ಅವರು ಒಮ್ಮೆ ಹೇಳಿದರೆ ಮಕ್ಕಳು ಹತ್ತು ಸಲ ಕೂಗಿ ಹೇಳಬೇಕು. ಕೂಗಿ ಕೂಗಿ ಬಾಯಿಪಾಠವಾದ ಮೇಲೆ ಓದು ಬಂತು ಎಂದು ಲೆಕ್ಕ.

ಸುನಂದಮ್ಮ ಬಂದ ಎರಡನೇ ವಾರದಲ್ಲಿ ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರ ದನಿ ಕೇಳಿಸಿತು. "ಹೇಳು." ಸದ್ದಿಲ್ಲ. "ಹೇಳು ಅಂದೆ." ಸದ್ದಿಲ್ಲ. "ಕೂತ್ಕೋ. ಹ್ಞಾಂ, ಈಗ ಹೇಳು." ಆಮೇಲೆ ಇಡೀ ಕ್ಲಾಸು ಗೊಳ್ಳೆಂದಿತು. ಸುನಂದಮ್ಮ ಬಾಗಿಲಿಗೆ ಬಂದು ಇಣುಕಿದರು. ಮೂರನೇ ಕ್ಲಾಸಿನ ಸಾಲಿನಲ್ಲಿ ಎಲ್ಲರಿಗಿಂತ ಉದ್ದದ ಒಂದು ಹುಡುಗಿ, ಕೈ ಕಟ್ಟಿ, ಕತ್ತು ನೆಟ್ಟಗೆ ಮಾಡಿ ನಿಂತಿತ್ತು. ಹುಚ್ಚಯ್ಯನ ಮಗಳು ರಾಣಿ.

"ನೋಡಿ ಮೇಡಂ, ಹೇಳು ಅಂದ್ರೆ ಎದ್ದು ನಿಲ್ತಾಳೆ. ಕೂತ್ಕೋ ಅಂದ್ರೆ ಕೂತ್ಕೋತಾಳೆ. ಮತ್ತೆ ಹೇಳು ಅಂದ್ರೆ ಮತ್ತೆ ನಿಲ್ತಾಳೆ. ಈ ಮಂಕಿಗೆ ನಾನು ಏನಂತ ಪಾಠ ಮಾಡ್ಲಿ?" ಎಂದರು ಮಹದೇವಪ್ಪ.

ಸುನಂದಮ್ಮನಿಗೆ ಒಳಗೇ ಚುರ್ರೆಂದಿತು. ಒಸಟ್ಟಿಯಲ್ಲಿ ಹೇಳು ಎನ್ನಬೇಕಾದರೆ ಯೋಳು ಎನ್ನುತ್ತಾರೆ. ಹಕಾರ ಕೇಳಿ ಅಭ್ಯಾಸವಿಲ್ಲದ ಆ ಕಿವಿಗೆ ಮೇಷ್ಟರ 'ಹೇಳು' ಮುಟ್ಟುವಷ್ಟರಲ್ಲಿ 'ಏಳು' ಆಗಿರುತ್ತಿತ್ತು. ಉಳಿದ ಮಕ್ಕಳು ಅಕ್ಕಪಕ್ಕ ನೋಡಿ ಅಂದಾಜಿನ ಮೇಲೆ ಹೊಂದಿಕೊಂಡಿದ್ದರು. ರಾಣಿ ಹೆದರಿದಾಗ ಅವಳಿಗೆ ಅಂದಾಜು ಹೊಳೆಯುತ್ತಿರಲಿಲ್ಲ, ಕೇಳಿಸಿದ್ದಷ್ಟೇ ಗೊತ್ತಾಗುತ್ತಿತ್ತು. ಏಳು ಅಂದರು, ಎದ್ದಳು. ಪಾಪ, ಹೇಳಿದ ಮಾತು ಕೇಳುವ ಮಗು ಅದು.

ಆ ದಿನವೇ ಮಹದೇವಪ್ಪ ಒಂದು ತೀರ್ಮಾನ ಮಾಡಿದರು. ಫೆಬ್ರವರಿಯಲ್ಲಿ ಶಾಲೆ ನೋಡಲು ಇನ್ಸ್‌ಪೆಕ್ಟರು ಬರುತ್ತಾರೆ. ಅವರ ಮುಂದೆ ಓದಲು ಬಾರದ ಮೂರನೇ ಕ್ಲಾಸಿನವರನ್ನು ವಾಪಸ್ಸು ಒಂದನೇ ಕ್ಲಾಸಿನಲ್ಲಿ ಕೂರಿಸುವುದು. ಅಂಥವರು ಮೂವರಿದ್ದರು, ರಾಣಿ, ಮಾದೇಶ, ಶಶಿ. ಸುದ್ದಿ ಕೇಳಿ ಹುಚ್ಚಯ್ಯ ಹೊಲದಿಂದ ಹಾಗೇ ಶಾಲೆಗೆ ಬಂದ.

"ಎದೆಮಟ್ಟ ಬೆಳ್ದಿರೋ ಮಗೀನ ಆಲುಗಲ್ಲದ ಮಕ್ಕಳ ಜೊತೆ ಕೂರಿಸ್ಬುಟ್ರೆ ಊರ್ನೋರು ನಗಾಕಿಲ್ವಾ ಸಾ? ಅಂಗೇನಾರ ಆದ್ರೆ ಅವತ್ತೇ ನಾನು ಬಂದು ಕರ್ಕೊಂಡೋಯ್ತೀನಿ ಬುಡಿ. ಎಮ್ಮೆ ನೋಡ್ಕೊಂಡು ಅಟ್ಟೀಲಿರ್ಲಿ" ಎಂದ. ಒರಟನಲ್ಲ ಹುಚ್ಚಯ್ಯ. ಮಗಳನ್ನು ಜನ ನೋಡಿ ನಗುವುದು ಅವನಿಗೆ ಬೇಡವಾಗಿತ್ತು. ಓದು ಬಂದರೆ ರಾಣಿ ಶಾಲೆಯಲ್ಲಿ, ಬಾರದಿದ್ದರೆ ಎಮ್ಮೆಯ ಹಿಂದೆ. ಅವನು ಮಾತಿನ ಮನುಷ್ಯ ಎಂದು ಊರಿಗೇ ಗೊತ್ತಿತ್ತು.

ದಿನಾ ಮಧ್ಯಾಹ್ನ ಒಂದು ಗಂಟೆ ಈ ಮೂವರನ್ನು ತಮಗೆ ಬಿಟ್ಟುಕೊಡಿ ಎಂದು ಸುನಂದಮ್ಮ ಕೇಳಿದರು. "ಧಾರಾಳವಾಗಿ ತಗೊಳ್ಳಿ. ಪಕ್ಕದ ಕೋಟೆ ತಾಲ್ಲೂಕಲ್ಲಿ ಆಟ ಆಡಿಸಿ ಅಕ್ಷರ ಕಲಿಸ್ತಾರಂತಲ್ಲ, ನೀವೂ ಆಡಿಸಿ" ಎಂದು ಹೆಡ್‌ಮಾಸ್ಟರು ನಕ್ಕರು.

ಮೊದಲ ದಿನ ಸುನಂದಮ್ಮ ರಾಣಿಯ ಕೈಗೆ ಪುಸ್ತಕ ಕೊಟ್ಟು ಓದಿಸಿದರು. ಹುಡುಗಿ ಸಾಲಿನ ಕೆಳಗೆ ಬೆರಳಿಟ್ಟು ಕೊಳ, ಕಮಲ, ಮೀನು ಎಂದು ಗಡಗಡ ಹೇಳಿಬಿಟ್ಟಳು. ಪಾಠ ಮುಗಿದಾಗ ಬೆರಳು ಇನ್ನೂ ಎರಡು ಸಾಲು ಹಿಂದೆ ಇತ್ತು. ಸುನಂದಮ್ಮ ಪುಟದ ಮೇಲಿನ ಕೊಳದ ಚಿತ್ರವನ್ನು ಅಂಗೈಯಿಂದ ಮುಚ್ಚಿ, "ಈಗ ಓದು" ಎಂದರು.

"ಕೈ ತಗೀರಿ ಮೇಡಮ್ಮಾ, ಕಾಣಾಕಿಲ್ಲ" ಎಂದಳು ರಾಣಿ. ಅಕ್ಷರಗಳೆಲ್ಲ ಕಣ್ಣ ಮುಂದೆಯೇ ಇದ್ದವು.

ಆಮೇಲೆ ಸ್ಲೇಟು ಕೊಟ್ಟು ಹಾಲು ಎಂದು ಬರೆಯಲು ಹೇಳಿದರು. ರಾಣಿ ಗುಂಡಗೆ, ಮುದ್ದಾಗಿ 'ಆಲು' ಎಂದು ಬರೆದಳು. ಬರೆದವಳೇ ಬಳಪ ಎತ್ತಿ ಅದರ ಮೇಲೆ ತಾನೇ ಒಂದು ತಪ್ಪಿನ ಗುರುತು ಎಳೆದಳು.

"ಯಾಕೆ ಹೊಡೆದು ಹಾಕಿದೆ?"

"ತಪ್ಪಲ್ವಾ ಮೇಡಮ್ಮಾ?"

"ಏನು ತಪ್ಪು?"

"ಗೊತ್ತಿಲ್ಲ. ನಾನು ಬರ್ದುದ್ದು ಯಾವಾಗ್ಲೂ ತಪ್ಪೇಯ."

ಸುನಂದಮ್ಮ ಅವತ್ತು ಬಸ್ಸಿನ ಕಿಟಕಿಗೆ ತಲೆ ಆನಿಸಿ ಕೂತು ಹುಣಸೂರಿನವರೆಗೂ ಅದನ್ನೇ ಯೋಚಿಸಿದರು. ಹುಡುಗಿ ಮಂಕಲ್ಲ. ತನ್ನ ಬಾಯಲ್ಲಿ ಯಾವ ಸದ್ದು ಹೊರಡುತ್ತದೋ ಅದನ್ನು ಕಿವಿಗೊಟ್ಟು ಕೇಳಿ, ಆ ಸದ್ದಿನ ಅಕ್ಷರವನ್ನೇ ಬರೆದಿದ್ದಾಳೆ. ಬರೆಯುವುದು ಎಂದರೆ ಅದೇ ತಾನೇ? ಸರಿಯಾಗಿ ಕೇಳಿ ಸರಿಯಾಗಿ ಬರೆದದ್ದಕ್ಕೆ ಎರಡು ವರ್ಷ ಕೆಂಪು ಮಸಿಯಲ್ಲಿ ತಪ್ಪು ಹಾಕಿಸಿಕೊಂಡು, ಅಕ್ಷರಕ್ಕೂ ಬಾಯಿಮಾತಿಗೂ ಸಂಬಂಧವೇ ಇಲ್ಲ ಎಂದು ತೀರ್ಮಾನಿಸಿ ಚಿತ್ರ ನೋಡಿ ಒದರುವುದನ್ನು ಹಿಡಿದಿದ್ದಾಳೆ. ಯೋಚಿಸುತ್ತ ಯೋಚಿಸುತ್ತ ಸುನಂದಮ್ಮನಿಗೆ ಕಣ್ಣಲ್ಲಿ ನೀರು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಮಹದೇವಪ್ಪನವರ ಮೇಲೆ ಅರ್ಧ, ಬಚ್ಚಲುಮನೆಯಲ್ಲಿ ನಲ್ಲಿ ತಿರುಗಿಸಿಕೊಂಡು ತಮ್ಮ ಮಾತನ್ನು ಬಚ್ಚಿಟ್ಟಿದ್ದಕ್ಕೆ ತಮ್ಮ ಮೇಲೆಯೇ ಅರ್ಧ.

ಮರುದಿನ ಮಧ್ಯಾಹ್ನ ಅವರು ಪುಸ್ತಕ ತೆಗೆಯಲಿಲ್ಲ. ಬೇವಿನ ಗಿಡದ ಕೆಳಗೆ ಮೂವರನ್ನೂ ಕೂರಿಸಿಕೊಂಡು, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಶಾಲೆಯ ಅಂಗಳದಲ್ಲಿ ತವರಿನ ಮಾತಾಡಿದರು. "ನಿಮ್ಮಟ್ಟೀಲಿ ಏನ್ ಇಸೇಸ ಮಗ? ಯೋಳು, ಕೇಳ್ತೀನಿ."

ರಾಣಿ ಕಣ್ಣರಳಿಸಿ ನೋಡಿದಳು. ಮೇಡಮ್ಮು ತನ್ನ ಅವ್ವನ ಹಾಗೆ ಮಾತಾಡುತ್ತಿದ್ದರು. ಅವಳು ಈ ಸಲ ಎದ್ದು ನಿಲ್ಲಲಿಲ್ಲ. "ನಮ್ಮ ಅಸ ಕರ ಆಕದೆ" ಎಂದಳು.

"ಅದನ್ನೇ ಬರೀವಾ." ಒಂದೊಂದು ಮಾತನ್ನೂ ಬಾಯಲ್ಲಿ ಒಡೆದು, ಚಪ್ಪಾಳೆ ತಟ್ಟಿ, ಯಾವ ಸದ್ದಿಗೆ ಯಾವ ಅಕ್ಷರ ಎಂದು ರಾಣಿಯೇ ಹುಡುಕುತ್ತ ಹೋದಳು. ನ, ಮ್ಮ. ಅ, ಸ. ಕ, ರ. ಬರೆದು ಮುಗಿಸಲು ಅರ್ಧ ಗಂಟೆ ಹಿಡಿಯಿತು. ಆಮೇಲೆ ಬೆರಳಿಟ್ಟು ಓದಿದಳು. ಬಾಯಿ, ಬೆರಳು ಎರಡೂ ಒಟ್ಟಿಗೇ ಬಂದು ನಿಂತವು. "ಇದ್ರಲ್ಲಿ ಕರ ಎಲ್ಲದೆ?" ಎಂದರೆ ಕರದ ಮೇಲೆಯೇ ಬೆರಳಿಟ್ಟು ತೋರಿಸಿದಳು. ಸ್ಲೇಟಿನ ಮೇಲೆ ತಪ್ಪಿನ ಗುರುತು ಬೀಳಲಿಲ್ಲ.

ಆವತ್ತಿನಿಂದ ದಿನಕ್ಕೊಂದು ಸಾಲು. ಒಂದು ಬದಿ ಖಾಲಿ ಇದ್ದ ಹಳೇ ಹಾಳೆಗಳನ್ನು ಸುನಂದಮ್ಮ ದಬ್ಬಳದಿಂದ ಹೊಲಿದು ಪುಸ್ತಕ ಮಾಡಿದರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬೇಕು, ಬರೆದವರು ಬಾಯಿ ಬಿಡಬಾರದು. ಒಂದು ದಿನ ಮಾದೇಶ ಬರೆದ ಸಾಲನ್ನು ರಾಣಿ ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಶಶಿಯ ಕಡೆ ತಿರುಗಿದಳು. "ಏನ್ಲಾ, ಮಾದೇಸುನ್ ನಾಯಿಗೆ ಕಲ್ಲೊಡ್ದೇನ್ಲಾ ನೀನು?" ಅದುವರೆಗೆ ತನಗೆ ಗೊತ್ತಿಲ್ಲದ ಒಂದು ಸಂಗತಿ ಅವಳಿಗೆ ಕಾಗದದಿಂದ ಗೊತ್ತಾಗಿತ್ತು. ಶಶಿಗೆ ಬೈಗುಳ ಬಿತ್ತು. ಸುನಂದಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಸಂತೋಷಪಟ್ಟರು.

ಆಗಸ್ಟಿನಲ್ಲಿ ಹೊಗೆಸೊಪ್ಪು ಮುರಿಯುವ ಕೆಲಸ ಶುರುವಾಗಿ ರಾಣಿ ಒಂದೂವರೆ ತಿಂಗಳು ಶಾಲೆ ತಪ್ಪಿಸಿದಳು. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ಕೂತು ಕಡ್ಡಿಗೆ ಎಲೆ ಕಟ್ಟುವುದು ಅವಳ ಪಾಲಿನ ಕೆಲಸ. ಸುನಂದಮ್ಮ ಅದಕ್ಕೂ ಸುಮ್ಮನಿರಲಿಲ್ಲ. ಶಶಿಯ ಕೈಯಲ್ಲಿ ದಿನಾ ಒಂದು ಚೀಟಿ ಕಳಿಸಿದರು. "ಕರ ಎಂಗದೆ?" ಎಂದು ಇವರು ಬರೆದರೆ, "ನೆಗೀತದೆ" ಎಂದು ಅಲ್ಲಿಂದ ಉತ್ತರ ಬರುತ್ತಿತ್ತು, ಹೊಗೆಸೊಪ್ಪಿನ ಅಂಟಿನ ಕಪ್ಪು ಬೆರಳಚ್ಚುಗಳ ಸಮೇತ. ಆ ಚೀಟಿಗಳನ್ನೆಲ್ಲ ಅವರು ರಾಣಿ ಶಾಲೆಗೆ ಮರಳಿದ ಮೇಲೆ ತಮ್ಮ ಕೋಣೆಯ ಗೋಡೆಗೆ ಅಂಟಿಸಿದರು. ಅಲ್ಲೇ ಎಡವಟ್ಟಾಯಿತು.

ಮಹದೇವಪ್ಪ ಗೋಡೆಯ ಮುಂದೆ ನಿಂತು ಒಂದೊಂದೇ ಚೀಟಿ ಓದಿದರು. ಅವರ ಮುಖ ಕಪ್ಪಿಟ್ಟಿತು. "ಅಸ, ಎಂಗೆ, ಅಟ್ಟಿ! ಏನ್ರೀ ಮೇಡಂ ಇದು? ಕನ್ನಡ ಕಲಿಸಿ ಅಂದ್ರೆ ಇರೋ ಕನ್ನಡಾನೂ ಕೆಡಿಸ್ತಾ ಇದ್ದೀರಲ್ಲ!"

"ಅವರ ಬಾಯಲ್ಲಿ ಇರೋ ಕನ್ನಡ ಸಾರ್ ಅದು. ಅದನ್ನ ಮೊದಲು ಓದಲಿ. ಪುಸ್ತಕದ್ದು ಆಮೇಲೆ."

"ನಾಳೆ ಈ ಮಕ್ಕಳು ಆಫೀಸಿಗೆ ಹೋಗಿ ಆಲು, ಅಣ್ಣು ಅಂದ್ರೆ ಜನ ನಗ್ತಾರೆ. ಆ ನಗೆ ಹೇಗಿರುತ್ತೆ ಅಂತ ನಿಮಗೆ ಗೊತ್ತಿಲ್ಲ."

ಸುನಂದಮ್ಮನಿಗೆ ತಡೆಯಲಾಗಲಿಲ್ಲ. "ಗೊತ್ತು ಸಾರ್. ನಾನೇ ಅಂಗೆ ನಗಿಸ್ಕೊಂಡೋಳು. ನಮ್ಮಟ್ಟೀಲೂ ಆಲೇಯ, ಅಣ್ಣೇಯ. ಈ ಮಗೀಗೆ ಕಿವಿ ಸರ್ಯಾಗದೆ, ನಾವೇ ಎಲ್ಡು ವರ್ಸ ಸುಳ್ಳು ಅಂತ ಒಡ್ದಾಕಿದ್ದೀವಿ." ಸಿಟ್ಟಿನಲ್ಲಿ ಎಲ್ಲಾ ಹಕಾರಗಳೂ ಉದುರಿಹೋಗಿದ್ದವು. ಮುಚ್ಚಿಕೊಳ್ಳಬೇಕೆಂದು ಅವರಿಗೆ ಅನ್ನಿಸಲೂ ಇಲ್ಲ.

ಇಷ್ಟು ಸ್ಪಷ್ಟವಾಗಿ ಮಾತಾಡುತ್ತಿದ್ದ ಮೇಡಂ ಈ ಸೀಮೆಯವರೇ ಎಂದು ಮಹದೇವಪ್ಪನವರಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. "ಇನ್ಸ್‌ಪೆಕ್ಟರು ಕೇಳೋದು ಪುಸ್ತಕದ ಕನ್ನಡ ಮೇಡಂ. ಫೆಬ್ರವರಿಗೆ ಅದು ಬರಬೇಕು. ಬರದಿದ್ದರೆ ನಾನು ಹೇಳಿದ ಮಾತು ಹಾಗೇ ಇರುತ್ತೆ" ಎಂದಷ್ಟೇ ಹೇಳಿ ಹೋದರು. ಚೀಟಿಗಳನ್ನು ಮಾತ್ರ ಕೀಳಿಸಲಿಲ್ಲ.

ಅವರು ಹೇಳಿದ್ದರಲ್ಲಿ ನ್ಯಾಯವಿತ್ತು, ಸುನಂದಮ್ಮ ಅದನ್ನು ಒಪ್ಪಿಕೊಂಡರು. ನವೆಂಬರಿನಿಂದ ಹಕಾರದ ಪಾಠ ಶುರುವಾಯಿತು, ಅಲ್ಲೇ ಸಿಕ್ಕಿಕೊಂಡಿತು. ಬಾಯಿಯ ಮುಂದೆ ಅಂಗೈ ಹಿಡಿದು ಹ ಎನ್ನಿ ಎಂದರೆ ಮೂವರೂ ಅ ಎನ್ನುವರು. ಜೋರಾಗಿ ಎಂದರೆ ಜೋರಾಗಿ ಅ ಎನ್ನುವರು. ಮಾದೇಶನಿಗೆ ಕೆಮ್ಮು ಬಂತು. ರಾಣಿಯ ಮುಖ ಕೆಂಪಾಯಿತೇ ಹೊರತು ಹಕಾರ ಬರಲಿಲ್ಲ. ಹದಿನೈದು ದಿನ, ಇಪ್ಪತ್ತು ದಿನ. ತಮಗೆ ಬಂದದ್ದು ಹೇಗೆ ಎಂದು ಸುನಂದಮ್ಮ ನೆನಪಿಸಿಕೊಂಡರೆ ಅವಮಾನ ಮಾತ್ರ ನೆನಪಾಗುತ್ತಿತ್ತು. ಅದನ್ನು ಮಕ್ಕಳಿಗೆ ಕಲಿಸುವಂತಿರಲಿಲ್ಲ.

ಡಿಸೆಂಬರಿನ ಒಂದು ಚಳಿಯ ಬೆಳಗ್ಗೆ ರಾಣಿ ಸ್ಲೇಟಿನಲ್ಲಿ ಏನೋ ತಪ್ಪು ಬರೆದಳು. ಅಳಿಸಲೆಂದು ಸ್ಲೇಟನ್ನು ಬಾಯಿಯ ಹತ್ತಿರ ಹಿಡಿದು "ಹಾ..." ಎಂದು ಉಸಿರು ಬಿಟ್ಟು, ಮಂಜು ಕಟ್ಟಿದ ಜಾಗವನ್ನು ತೋಳಿನಿಂದ ಒರೆಸಿದಳು. ದಿನಕ್ಕೆ ಹತ್ತು ಸಲ ಎಲ್ಲ ಮಕ್ಕಳೂ ಮಾಡುವ ಕೆಲಸ.

"ರಾಣಿ! ಇನ್ನೊಂದ್ಸಲ ಮಾಡು!" ಸುನಂದಮ್ಮ ಕುರ್ಚಿಯಿಂದ ಎದ್ದೇಬಿಟ್ಟಿದ್ದರು.

ಹುಡುಗಿ ಗಾಬರಿಯಾದಳು. "ಇಲ್ಲ ಮೇ‌ಡಮ್ಮಾ, ಎಂಜ್ಲು ಆಕಿಲ್ಲ. ಬರೀ ಉಸ್ರು."

"ಅದೇ ಕಣವ್ವ! ಆ ಉಸ್ರೇ ಕಣೇ ಹಕಾರ!" ಎಂದು ಸುನಂದಮ್ಮ ಅವಳ ಎರಡೂ ಕೆನ್ನೆ ಹಿಡಿದುಕೊಂಡರು. ಇಷ್ಟು ದಿನ ಈ ಮಕ್ಕಳ ಬಾಯಲ್ಲಿ ಇಲ್ಲವೇ ಇಲ್ಲ ಎಂದು ಒದ್ದಾಡುತ್ತಿದ್ದ ಸದ್ದು ದಿನಾ ಕಣ್ಣೆದುರಿಗೇ, ತಪ್ಪು ಅಳಿಸುವುದಕ್ಕೆ ಬಳಕೆಯಾಗುತ್ತಿತ್ತು. ಅವತ್ತು ಮೂವರೂ ಸ್ಲೇಟು ಹಿಡಿದು ಊದಿದ್ದೇ ಊದಿದ್ದು. ಹಾ ಎಂದು ಮಂಜು ಕಟ್ಟಿಸಿ, ಆ ಮಂಜಿನ ಮೇಲೇ ಬೆರಳಿನಿಂದ ಹಾ ಎಂದು ಬರೆದರು. ಸಂಜೆಗೆ ಆಡು ಬೇರೆ, ಹಾಡು ಬೇರೆ. ಉಳಿ ಬೇರೆ, ಹುಳಿ ಬೇರೆ.

ಆಮೇಲೆ ಒಂದು ವಾರ ಊರಿಗೆ ಊರೇ ಹಕಾರ. ಸಿಕ್ಕಿದ್ದೇ ಸಿಕ್ಕಿದ್ದೆಂದು ರಾಣಿ ಅಮ್ಮನನ್ನು ಹಮ್ಮ ಎಂದು ಬರೆದಳು, ಆನೆಗೆ ಹಾನೆ ಎಂದಳು. ಅವಳ ತಾಯಿ ರಾಮಮ್ಮ ಶಾಲೆಗೆ ಓಡಿ ಬಂದು, "ಮೇಡಮ್ಮಾರೆ, ನಮ್ಮಗಿಗೆ ಉಬ್ಬಸ ಏನಾರ ಬಂದದಾ? ಹನ್ನ ಹಿಕ್ಕು ಅಂತ ಉಸ್ರು ಬುಡ್ತದೆ" ಎಂದು ಕೇಳಿದಳು. ಸುನಂದಮ್ಮ ನಕ್ಕು ಸುಸ್ತಾದರು. ಮಕ್ಕಳನ್ನು ಕೂರಿಸಿಕೊಂಡು ಒಂದು ಕಟ್ಟುನಿಟ್ಟು ಮಾಡಿದರು. ಮನೆಯಲ್ಲಿ ಮನೆಯ ಮಾತು, ಅದಕ್ಕೆ ಯಾರೂ ನಾಚಬೇಕಾಗಿಲ್ಲ. ಓದುವಾಗ ಮಾತ್ರ ಅಕ್ಷರವನ್ನು ನೋಡಿ. ಅಲ್ಲಿ ಹಕಾರ ಬರೆದಿದ್ದರೆ ಊದಿ, ಬರೆಯದಿದ್ದರೆ ಸುಮ್ಮನಿರಿ. ಅಂದಾಜಿನಲ್ಲಿ ಊದುವಂತಿಲ್ಲ.

ಫೆಬ್ರವರಿಯ ಎರಡನೇ ವಾರ ಇನ್ಸ್‌ಪೆಕ್ಟರ್ ಲಿಂಗಣ್ಣ ಬಂದರು. ದಪ್ಪ ಕನ್ನಡಕದ, ಮೆತ್ತಗೆ ಮಾತಾಡುವ ಮನುಷ್ಯ. ಮೂರನೇ ಕ್ಲಾಸಿನಲ್ಲಿ ಮಕ್ಕಳು ಪುಸ್ತಕ ತೆಗೆದಾಗ, "ಬೇಡ, ಮುಚ್ಚಿ. ಅದು ನಿಮಗೆಲ್ಲ ಬಾಯಿಪಾಠ ಅಂತ ನನಗೆ ಗೊತ್ತು" ಎಂದು ನಕ್ಕು, ಸೀಮೆಸುಣ್ಣ ತೆಗೆದುಕೊಂಡು ಕಪ್ಪುಹಲಗೆಯ ಮೇಲೆ ತಾವೇ ಎರಡು ಸಾಲು ಬರೆದರು. ಸುನಂದಮ್ಮ ತಮ್ಮ ಕ್ಲಾಸು ಬಿಟ್ಟು ಬಾಗಿಲ ಬಳಿ ಬಂದು ನಿಂತಿದ್ದರು.

ಮೊದಲು ಎದ್ದವನು ಸಾಗರ್, ಹೆಡ್‌ಮಾಸ್ಟರ ಮೆಚ್ಚಿನ ಹುಡುಗ. "ಅಜ್ಜಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೇರಿದಳು. ಕಲ್ಲನ್ನೆಲ್ಲ ಆರಿಸಿ ತೆಗೆದಳು." ಒಂದೇ ಉಸಿರಿಗೆ ಮುಗಿಸಿದ. ಇನ್ಸ್‌ಪೆಕ್ಟರು ಭೇಷ್ ಎಂದರು. ಮಾದೇಶನೂ ಶಶಿಯೂ ಸಾಗರ್ ಓದಿದ್ದನ್ನು ಕಿವಿಯಲ್ಲಿಟ್ಟುಕೊಂಡು ಅದನ್ನೇ ನಿಧಾನವಾಗಿ ಒಪ್ಪಿಸಿದರು. ಆಮೇಲೆ ರಾಣಿ.

"ಅ... ಜ್ಜಿ. ಮೊ... ರ... ದಲ್ಲಿ" ಎಂದು ಅವಳು ಒಂದೊಂದೇ ಅಕ್ಷರ ಹಿಡಿದು ಹೊರಟಳು. ಆಮೇಲೆ, "ಹ... ಕ್ಕಿ." ಅಲ್ಲಿಗೆ ನಿಂತುಬಿಟ್ಟಳು.

ಕ್ಲಾಸಿನಲ್ಲಿ ನಗು ಎದ್ದಿತು. "ಅಕ್ಕಿ ಕಣೇ" ಎಂದು ಸಾಗರ್ ಪಿಸುಗುಟ್ಟಿದ. ಮಹದೇವಪ್ಪ ಕಣ್ಣು ಮುಚ್ಚಿಕೊಂಡರು. ಹೆದರಿಕೆಯಲ್ಲಿ ಹುಡುಗಿ ಮತ್ತೆ ಹಮ್ಮ, ಹಾನೆಗೆ ಹೋಗಿಬಿಟ್ಟಳಲ್ಲ ಎಂದುಕೊಂಡರು ಸುನಂದಮ್ಮ.

"ಸರಿಯಾಗಿ ನೋಡಿ ಓದಮ್ಮ" ಎಂದರು ಇನ್ಸ್‌ಪೆಕ್ಟರು.

ರಾಣಿ ನೋಡಿದಳು. ಹಲಗೆಯ ಹತ್ತಿರ ಎರಡು ಹೆಜ್ಜೆ ಹೋಗಿ ಇನ್ನೊಮ್ಮೆ ನೋಡಿದಳು. "ಹಕ್ಕಿ ಅಂತ್ಲೇ ಬರ್ದದೆ ಸಾ" ಎಂದಳು. "ಆದ್ರೆ ಹಕ್ಕೀನ ಮೊರಕ್ಕಾಕಿ ಕೇರುದ್ರೆ ಅದು ಆರೋಗಾಕಿಲ್ವಾ ಸಾ? ಅಕ್ಕಿ ಇರ್ಬೇಕು. ಉಸ್ರು ಜಾಸ್ತಿ ಆಗದೆ."

ಆಗ ಎಲ್ಲರೂ ಹಲಗೆಯ ಕಡೆ ನೋಡಿದರು. ಅಲ್ಲಿ ಇನ್ಸ್‌ಪೆಕ್ಟರ ಅಂದವಾದ ಅಕ್ಷರದಲ್ಲಿ 'ಅಜ್ಜಿ ಮೊರದಲ್ಲಿ ಹಕ್ಕಿ ಹಾಕಿಕೊಂಡು' ಎಂದೇ ಇತ್ತು. ಸಾಗರ್ ಓದಿರಲಿಲ್ಲ, ಊಹಿಸಿದ್ದ. ಹೆಡ್‌ಮಾಸ್ಟರೂ ಊಹಿಸಿದ್ದರು, ಸುನಂದಮ್ಮನೂ. ಅಷ್ಟು ಜನರಲ್ಲಿ ಅಲ್ಲಿ ಬರೆದಿರುವುದನ್ನು ಓದಿದವಳು ಒಬ್ಬಳೇ.

ಲಿಂಗಣ್ಣ ಕನ್ನಡಕ ತೆಗೆದು ಒರೆಸಿಕೊಂಡರು. ಕಿವಿಯೆಲ್ಲ ಕೆಂಪಾಗಿತ್ತು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. "ನಮ್ಮೂರು ಪಿರಿಯಾಪಟ್ಣದತ್ರ ಕಣವ್ವಾ" ಎಂದರು. "ನಮ್ಮಟ್ಟೀಲಿ ಎರಡೂ ಅಕ್ಕೀನೇ. ಎಲ್ಲಿ ಹಕಾರ ಬಿಟ್ಟುಹೋಗುತ್ತೋ ಅನ್ನೋ ಭಯಕ್ಕೆ ಮೂವತ್ತು ವರ್ಷದಿಂದ ಬೇಡದ ಕಡೆಯೆಲ್ಲ ಹಾಕಿಕೊಂಡು ಬಂದಿದ್ದೀನಿ. ಯಾರೂ ಹೇಳಿರಲಿಲ್ಲ." ಅವರು ಸೀಮೆಸುಣ್ಣವನ್ನು ರಾಣಿಯ ಕೈಗಿಟ್ಟರು. ಬಾಗಿಲಲ್ಲಿ ನಿಂತಿದ್ದ ಸುನಂದಮ್ಮ ಗೋಡೆಯ ಕಡೆ ತಿರುಗಿಕೊಂಡು ಅತ್ತರು. ಅಳು ಬಂದಾಗ ಅವರು ಅದನ್ನು ತಡೆದು ನಿಲ್ಲಿಸುವವರಲ್ಲ.

ಹುಚ್ಚಯ್ಯ ಕೊಟ್ಟ ಮಾತಿನಂತೆ ಮಧ್ಯಾಹ್ನಕ್ಕೆ ಬಂದಿದ್ದ. ಹೆಗಲ ಮೇಲಿನ ಟವೆಲನ್ನು ಕೈಗೆ ತೆಗೆದುಕೊಂಡು ಶಾಲೆಯ ಮೆಟ್ಟಿಲ ಕೆಳಗೆ ನಿಂತಿದ್ದ. ಇನ್ಸ್‌ಪೆಕ್ಟರ ಜೀಪು ಹೋದ ಮೇಲೆ ಮಹದೇವಪ್ಪ ಹೊರಗೆ ಬಂದರು.

"ಹುಚ್ಚಯ್ಯ, ನಿಮ್ಮ ಮಗಳು ಇವತ್ತು ಇನ್ಸ್‌ಪೆಕ್ಟರ್ ಸಾಹೇಬರ ತಪ್ಪು ಹಿಡಿದಳು."

ಹುಚ್ಚಯ್ಯನ ಮುಖ ಬಿಳುಚಿಕೊಂಡಿತು. ಎರಡೂ ಕೈ ಜೋಡಿಸಿದ. "ತಪ್ಪಾಯ್ತು ಸಾ. ಮಗ ಗೊತ್ತಿಲ್ದೆ ಅಂದ್ಬುಟ್ಟದೆ. ದೊಡ್ಡೋರು ಒಟ್ಟೆಗಾಕೊಳ್ಳಿ. ಈಗ್ಲೇ ಕರ್ಕೊಂಡೋಯ್ತೀನಿ."

"ಅಯ್ಯೋ, ಹಾಗಲ್ಲ ಕಣಯ್ಯ" ಎಂದರು ಮಹದೇವಪ್ಪ. "ಅವಳು ಓದಿದಳು. ನಾನು ಎರಡು ವರ್ಷ ಮಂಕು ಅಂದವಳು, ನನಗಿಂತ ಸರಿಯಾಗಿ ಓದಿದಳು." ಹಾಗೆಂದು ಅವರು ಸುನಂದಮ್ಮನ ಕಡೆ ನೋಡಿ ತಲೆ ತಗ್ಗಿಸಿದರು.

ಹುಚ್ಚಯ್ಯನಿಗೆ ನಂಬಿಕೆ ಬರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮಗಳನ್ನೇ ಕೇಳಿದ. "ಓದ್ದೇನವ್ವಾ?"

"ಊಂ ಕಣಪ್ಪ."

"ಏನಂತ ಓದ್ದೆ?"

"ಹಕ್ಕಿ ಅಂತ."

"ಅಕ್ಕಿ ಅಂತಾನಾ?"

"ಅಕ್ಕಿ ಅಲ್ಲ ಕಣಪ್ಪ. ಹಕ್ಕಿ."

ಹುಚ್ಚಯ್ಯ ಮನಸ್ಸಿಟ್ಟು ಕೇಳಿಸಿಕೊಂಡ. ತುಟಿ ಅಲ್ಲಾಡಿಸಿ ತಾನೂ ಒಂದು ಸಲ ಅಂದು ನೋಡಿದ. ಅಕ್ಕಿ. ಇನ್ನೊಂದು ಸಲ. ಅಕ್ಕಿ. ಆಮೇಲೆ ಟವೆಲು ಹೆಗಲ ಮೇಲೆ ಹಾಕಿಕೊಂಡು ನಕ್ಕ.

"ನಂಗೆ ಎಲ್ಡೂ ಒಂದೇ ಕೇಳ್ತದೆ ಕಣವ್ವಾ. ಬೇರೆಬೇರೆ ಅಂತ ನಿಂಗೆ ಗೊತ್ತಾಯ್ತದಲ್ಲ, ನೀನು ಓದ್ಕೊ" ಎಂದು, ಬಂದ ದಾರಿಯಲ್ಲೇ ಒಬ್ಬನೇ ವಾಪಸ್ಸು ಹೊರಟುಹೋದ.